ಕೋಲುಜಿಗಿತ ಮತ್ತು ಅದರ ಗಳ

ಓಡುವವನಿಗೆ ಎರಡು ಕಾಲು ಸಾಕು. ಗುಂಡು ಎಸೆಯುವವನಿಗೆ ಯಾವ ದೇಶಕ್ಕೆ ಹೋದರೂ ಅದೇ ತೂಕದ ಗುಂಡು ಮೈದಾನದಲ್ಲಿ ಸಿದ್ಧವಾಗಿರುತ್ತದೆ. ಕೋಲುಜಿಗಿತದವನ ಪಾಡು ಬೇರೆ. ತನ್ನ ಮೈತೂಕಕ್ಕೆ, ಓಟಕ್ಕೆ, ಹಿಡಿತಕ್ಕೆ ಒಗ್ಗುವ ಗಳವನ್ನು ಅವನು ಹೊತ್ತುಕೊಂಡೇ ಊರೂರು ತಿರುಗಬೇಕು. ಗಳ ಕೈಗೆ ಬಂದರೆ ಅವನು ಆಟಗಾರ. ಬಾರದಿದ್ದರೆ ಎಂಥ ಧೀರನಾದರೂ ಪ್ರೇಕ್ಷಕರ ಸಾಲಿನಲ್ಲಿ ಕೂಡಬೇಕಾದವನೇ.

2026ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿಯನ್ನು ವಾಚಕರಲ್ಲಿ ಕೆಲವರು ಓದಿರಬಹುದು. ಮಧ್ಯಪ್ರದೇಶದ ದೇವ್ ಮೀನಾ ಎಂಬ ತರುಣ, ಹಿಂದಿನ ವರ್ಷವಷ್ಟೇ ಭಾರತದ ಕೋಲುಜಿಗಿತದ ದಾಖಲೆಯನ್ನು ಮೂರು ಸಲ ಏರಿಸಿದವನು, ದಕ್ಷಿಣ ಕನ್ನಡದಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ ಮುಗಿಸಿಕೊಂಡು ಜೊತೆಗಾರನೊಡನೆ ಭೋಪಾಲಕ್ಕೆ ಹಿಂತಿರುಗುತ್ತಿದ್ದ. ನಮ್ಮ ಮಹಾರಾಷ್ಟ್ರದ ಪನವೇಲ ನಿಲ್ದಾಣದಲ್ಲಿ, ಜೊತೆಗಿದ್ದ ಉದ್ದನೆಯ ಗಳಗಳ ಕಾರಣ, ಇಬ್ಬರೂ ರೈಲಿನಿಂದ ಇಳಿಯಬೇಕಾಯಿತು. ಗಂಟೆಗಟ್ಟಲೆ ಕಾದು, ದಂಡ ತೆತ್ತು, ಅವರು ಮುಂದಿನ ದಾರಿ ಹಿಡಿದರು.

ಈ ಸುದ್ದಿ ಓದಿದವರು ಸಹಜವಾಗಿ ಕೇಳುವ ಪ್ರಶ್ನೆ ಒಂದಿದೆ. ಒಂದು ಕೋಲಿಗಾಗಿ ಇಷ್ಟೆಲ್ಲ ರಗಳೆ ಏಕೆ? ಅದನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋಗಿ ಬೇರೆಯದನ್ನು ಕೊಂಡರಾಗದೇ? ಆಗದು. ಏಕೆ ಆಗದು ಎಂಬುದನ್ನು ತಿಳಿಯಬೇಕಾದರೆ ಈ ಆಟದ ನೂರಮೂವತ್ತು ವರ್ಷಗಳ ಕಥೆಯನ್ನು ತಿರುವಿಹಾಕಬೇಕು. ಆ ಕಥೆಯಲ್ಲಿ ಮನುಷ್ಯನಷ್ಟೇ ಪಾಲು ಗಳಕ್ಕೂ ಇದೆ.

ಆಟದ ಕಟ್ಟಳೆ

ಮೊದಲು ಆಟದ ಬಗೆಯನ್ನು ತಿಳಿಯೋಣ. ಪತ್ರಿಕೆಗಳು ಇದನ್ನು ಪೋಲ್‌ವಾಲ್ಟ್ ಎಂದು ಬರೆಯುತ್ತವೆ. ಓಡಲು ಕನಿಷ್ಠ 40 ಮೀಟರಿನ ಹಾದಿ. ಹಾದಿಯ ಕೊನೆಯಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ ಹೂಳಿದ ಒಂದು ಇಳಿಜಾರಿನ ಪೆಟ್ಟಿಗೆ, ಅದರ ಆಳ 20 ಸೆಂಟಿಮೀಟರು. ಅದರಾಚೆ ಎರಡು ಕಂಬಗಳ ಮೇಲೆ ಹಗುರಾಗಿ ಇಟ್ಟ ಅಡ್ಡಪಟ್ಟಿ. ಅದರ ಹಿಂದೆ ಬೀಳಲು ದಪ್ಪನೆಯ ಮೆತ್ತೆ. ಆಟಗಾರ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದು, ಅದರ ತುದಿಯನ್ನು ಪೆಟ್ಟಿಗೆಯಲ್ಲಿ ಊರಿ, ನೆಲ ಬಿಟ್ಟು ಮೇಲೆದ್ದು, ಕಾಲು ಮೇಲೆ ತಲೆ ಕೆಳಗೆ ಮಾಡಿ, ತಿರುಗಿ, ಗಳವನ್ನು ಹಿಂದಕ್ಕೆ ನೂಕಿ, ಪಟ್ಟಿಯನ್ನು ದಾಟಿ ಆಚೆ ಬೀಳುತ್ತಾನೆ. ಒಂದಾದ ಮೇಲೆ ಒಂದರಂತೆ ಮೂರು ಸಲ ತಪ್ಪಿದರೆ ಅವನ ಆಟ ಮುಗಿಯಿತು. ಇಬ್ಬರು ಒಂದೇ ಎತ್ತರ ದಾಟಿದರೆ ಆ ಎತ್ತರದಲ್ಲಿ ಕಡಿಮೆ ತಪ್ಪಿದವನು ಮುಂದೆ. ಅದೂ ಸಮವಾದರೆ ಒಟ್ಟು ತಪ್ಪುಗಳ ಲೆಕ್ಕ.

ಇನ್ನೆರಡು ಕಟ್ಟಳೆಗಳನ್ನು ವಾಚಕರು ಗಮನಿಸಬೇಕು. ಗುಂಡಿನ ತೂಕ ಗೊತ್ತು, ಭರ್ಚಿಯ ತೂಕ ಉದ್ದಗಳೂ ಗೊತ್ತು. ಗಳಕ್ಕೆ ಮಾತ್ರ ಅಂಥ ಕಟ್ಟು ಇಲ್ಲ. ಅದು ಯಾವ ವಸ್ತುವಿನಿಂದಲಾದರೂ ಆಗಿರಬಹುದು, ಎಷ್ಟು ಉದ್ದ ಎಷ್ಟು ದಪ್ಪವಾದರೂ ಇರಬಹುದು. ಮೈ ನುಣುಪಾಗಿದ್ದರೆ ಸಾಕು. ಇದು ಒಂದು. ಒಬ್ಬನ ಸ್ವಂತ ಗಳವನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬನು ಮುಟ್ಟುವಂತಿಲ್ಲ. ಇದು ಎರಡನೆಯದು. ಈ ಆಟದಲ್ಲಿ ಗಳಕ್ಕಿರುವ ಬೆಲೆ ಈ ಎರಡು ಕಟ್ಟಳೆಗಳಿಂದಲೇ ತಿಳಿಯುತ್ತದೆ.

ಹಿಡಿತದ ಬಗ್ಗೆಯೂ ಒಂದು ಕಟ್ಟಳೆ ಇದೆ. ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲೆ ಒಯ್ಯಬಾರದು. ಮೇಲಿನ ಕೈಯನ್ನೂ ಗಳದ ಮೇಲೆ ಇನ್ನೂ ಎತ್ತರಕ್ಕೆ ಸರಿಸಬಾರದು. ಅಂದರೆ ಗಳವನ್ನು ಹತ್ತಬಾರದು. ಇದು ಸುಮ್ಮನೆ ಬರೆದಿಟ್ಟ ಮಾತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್ ಊರಿನ ಕಡೆಯವರು ಭಾರವಾದ ಮರದ ಗಳವನ್ನು ನೆಲಕ್ಕೆ ನಾಟಿ, ಅದು ನೆಟ್ಟಗೆ ನಿಂತ ಕ್ಷಣದಲ್ಲಿ ತೆಂಗಿನಮರ ಏರುವವರಂತೆ ಕೈ ಮೇಲೆ ಕೈ ಹಾಕಿ ಏರಿ, ಪಟ್ಟಿ ದಾಟುತ್ತಿದ್ದರು. ಅದು ಜಿಗಿತವಲ್ಲ, ಏರುವಿಕೆ ಎಂದು ಅಮೆರಿಕದವರು ಆಕ್ಷೇಪಿಸಿ ನಿಷೇಧಿಸಿದರು. ಮುಂದೆ ಅದೇ ಎಲ್ಲೆಡೆ ನಿಯಮವಾಯಿತು.

ಜಮಾ ಮತ್ತು ಖರ್ಚು

ಗಿರಣಿಯ ಖಾತೆಪುಸ್ತಕ ಬರೆಯುವ ನನ್ನಂಥವನಿಗೆ ಈ ಆಟ ಒಂದು ಜಮಾ-ಖರ್ಚಿನ ಲೆಕ್ಕದಂತೆ ಕಾಣುತ್ತದೆ. ಓಟದ ವೇಗವೇ ಜಮಾ. ಎತ್ತರವೇ ಖರ್ಚು. ಜಮಾ ಇದ್ದಷ್ಟೇ ಖರ್ಚು ಮಾಡಬಹುದು. ಮ್ಯಾಟ್ರಿಕ್ ಓದಿದವರಿಗೆ ಸೂತ್ರ ನೆನಪಿರಬಹುದು: ವೇಗದ ವರ್ಗವನ್ನು ಗುರುತ್ವದ ಇಮ್ಮಡಿಯಿಂದ ಭಾಗಿಸಿದರೆ ಏರಬಹುದಾದ ಎತ್ತರ ಸಿಕ್ಕುತ್ತದೆ. ಸೆಕೆಂಡಿಗೆ 10 ಮೀಟರು ವೇಗದಲ್ಲಿ ಓಡಿ ಬಂದವನಿಗೆ ನೂರನ್ನು 19.6ರಿಂದ ಭಾಗಿಸಿ; 5.1 ಮೀಟರು ಬಂತು. ನಿಂತ ಮನುಷ್ಯನ ಮೈಯ ತೂಕದ ಕೇಂದ್ರ ಆಗಲೇ ನೆಲದಿಂದ ಸುಮಾರು ಒಂದು ಮೀಟರು ಮೇಲಿರುವುದರಿಂದ ಅದನ್ನು ಕೂಡಿಸಿ, 6.1 ಆಯಿತು. ಜಗತ್ತಿನ ಅತ್ಯುತ್ತಮರು ಇಂದು ದಾಟುತ್ತಿರುವುದು ಹೆಚ್ಚುಕಡಿಮೆ ಇದೇ ಎತ್ತರ. ಅದಕ್ಕೂ ಮೇಲಿನ ಕೆಲವು ಅಂಗುಲಗಳನ್ನು ತೋಳಿನ ಸೆಳೆತದಿಂದ, ಕೊನೆಯ ನೂಕಿನಿಂದ ಸಂಪಾದಿಸುತ್ತಾರೆ.

ಆದರೆ ವೇಗ ಮುಂದಕ್ಕೆ ಇದೆ, ಬೇಕಾದದ್ದು ಮೇಲಕ್ಕೆ. ಈ ಖಾತೆಯಿಂದ ಆ ಖಾತೆಗೆ ವರ್ಗ ಮಾಡಬೇಕಾದದ್ದೇ ಗಳದ ಕೆಲಸ. ಬಾಗದ ಗಳ ಈ ವರ್ಗಾವಣೆಯಲ್ಲಿ ಬಹಳ ಸೋರಿಸುತ್ತದೆ. ಊರಿದೊಡನೆ ತೋಳಿಗೆ ಪೆಟ್ಟು ಬಡಿದು ವೇಗದ ಒಂದು ಪಾಲು ಅಲ್ಲಿಯೇ ನಷ್ಟ. ಬಾಗುವ ಗಳವಾದರೋ ವೇಗವನ್ನು ಬಿಲ್ಲಿನಂತೆ ತನ್ನಲ್ಲಿ ಕೂಡಿಟ್ಟುಕೊಂಡು, ಆಟಗಾರ ತಲೆಕೆಳಗಾಗುವ ಹೊತ್ತಿಗೆ ನೆಟ್ಟಗಾಗಿ, ಅವನಿಗೆ ಹಿಂತಿರುಗಿಸುತ್ತದೆ. ಇನ್ನೊಂದು ಲಾಭವೂ ಇದೆ. ಬಾಗಿದ ಗಳ ಆ ಕ್ಷಣಕ್ಕೆ ಗಿಡ್ಡವಾಗುವುದರಿಂದ ಅದನ್ನು ಎತ್ತಿ ನಿಲ್ಲಿಸುವುದು ಸುಲಭ. ಆದ್ದರಿಂದ ಇನ್ನೂ ಮೇಲೆ ಹಿಡಿಯಬಹುದು. ಬಿದಿರಿನ ಕಾಲದಲ್ಲಿ ಉತ್ತಮ ಆಟಗಾರರ ಹಿಡಿತ ಸುಮಾರು 4 ಮೀಟರಿನಲ್ಲಿತ್ತು. ಈಗಿನವರು 5 ಮೀಟರಿಗಿಂತ ಮೇಲೆ ಹಿಡಿಯುತ್ತಾರೆ.

ಆದರೆ ಬಾಗುವುದು ಅಳತೆ ಮೀರಬಾರದು. ಮೈತೂಕಕ್ಕೂ ಓಟಕ್ಕೂ ಮೆದುವಾದ ಗಳ ಮುರಿಯಬಹುದು. ಗಟ್ಟಿಯಾದದ್ದು ಬಾಗದೆ ಆಟಗಾರನನ್ನು ಹಾದಿಯ ಕಡೆಗೇ ಹಿಂದಕ್ಕೆ ಒಗೆಯಬಹುದು. ಅದಕ್ಕಾಗಿಯೇ ಪ್ರತಿ ಗಳಕ್ಕೂ ಉದ್ದ, ತೂಕ, ಬಾಗುವಿಕೆಯ ಅಂಕಿಗಳಿರುತ್ತವೆ. ಆಟಗಾರ ಒಂದೇ ಗಳವನ್ನಲ್ಲ, ಒಂದಕ್ಕಿಂತ ಒಂದು ತುಸು ಗಟ್ಟಿಯಾದ ಹಲವನ್ನು ಕಟ್ಟಿಕೊಂಡು ಹೋಗುತ್ತಾನೆ. ಗಾಳಿ ಹೇಗಿದೆ, ಅಂದಿನ ಓಟ ಹೇಗಿದೆ ನೋಡಿ ಆರಿಸುತ್ತಾನೆ. ಇವುಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಹೊರದೇಶಗಳಿಂದಲೇ ತರಿಸಬೇಕು. ಅವುಗಳ ಬೆಲೆ ಒಬ್ಬ ಗುಮಾಸ್ತನ ಒಂದು ತಿಂಗಳ ಸಂಬಳಕ್ಕೆ ನಿಲುಕುವಂಥದಲ್ಲ. ಬೇರೆ ಕೋಲು ಕೊಂಡರಾಗದೇ ಎಂಬ ಪ್ರಶ್ನೆಗೆ ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧವನ್ನು ಇತಿಹಾಸ ಹೇಳುತ್ತದೆ.

ಬಿದಿರಿನ ಕಾಲ

1896ರಲ್ಲಿ ಅಥೆನ್ಸಿನಲ್ಲಿ ಹೊಸಗಾಲದ ಮೊದಲ ಒಲಿಂಪಿಕ್ ಕೂಟ ಸೇರಿದಾಗಲೇ ಕೋಲುಜಿಗಿತ ಅದರಲ್ಲಿತ್ತು. ಗೆದ್ದವನು ಅಮೆರಿಕದ ವಿಲಿಯಂ ಹಾಯ್ಟ್, ಎತ್ತರ 3.30 ಮೀಟರು, ಅಂದರೆ ಸುಮಾರು 10 ಅಡಿ 10 ಅಂಗುಲ. ಗಟ್ಟಿ ಮರದ ಗಳಗಳು ಹಿಂದೆ ಸರಿದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿದಿರು ಬಂತು. ಹಗುರ, ತುಸು ಬಾಗುವ ಗುಣ, ಬೇಗ ಓಡಲು ಅನುಕೂಲ. ಎತ್ತರಗಳು ಒಂದೇ ಸಮನೆ ಏರಿದವು. 1912ರಲ್ಲಿ ಅಮೆರಿಕದ ಮಾರ್ಕ್ ರೈಟ್ 4.02 ಮೀಟರು ದಾಟಿದ್ದು ಅಂತರರಾಷ್ಟ್ರೀಯ ಸಂಸ್ಥೆ ಅಂಗೀಕರಿಸಿದ ಮೊದಲ ವಿಶ್ವದಾಖಲೆ. 1928ರ ಆಮ್‌ಸ್ಟರ್‌ಡಾಂ ಕೂಟದಲ್ಲಿ ಸೇಬಿನ್ ಕಾರ್ 4.20 ಮೀಟರಿಗೆ ಗೆದ್ದ.

ಅಮೆರಿಕದವರ ಕೈಯಲ್ಲಿದ್ದ ಒಳ್ಳೆಯ ಬಿದಿರು ಬರುತ್ತಿದ್ದುದು ಜಪಾನಿನಿಂದ. ಜಪಾನಿನವರು ಬಿದಿರನ್ನು ಕಳಿಸಿ ಸುಮ್ಮನೆ ಕೂಡಲಿಲ್ಲ, ತಾವೂ ಹಾರಲು ಕಲಿತರು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುಹೇಯ್ ನಿಶಿದಾ 4.30 ಮೀಟರು ದಾಟಿ ಬೆಳ್ಳಿಪದಕ ಪಡೆದ. 1936ರಲ್ಲಿ ಬರ್ಲಿನ್ನಿನ ಅಂತಿಮ ಸ್ಪರ್ಧೆ ಗಂಟೆಗಟ್ಟಲೆ ಸಾಗಿ, ಕತ್ತಲಾಗಿ, ದೀಪದ ಬೆಳಕಿನಲ್ಲಿ ಮುಗಿಯಿತು. ಅಮೆರಿಕದ ಅರ್ಲ್ ಮೆಡೋಸ್ 4.35 ಮೀಟರಿಗೆ ಮೊದಲಿಗನಾದ. ನಿಶಿದಾ ಮತ್ತು ಅವನ ಗೆಳೆಯ ಸುಯೆಒ ಓಎ ಇಬ್ಬರೂ 4.25 ಮೀಟರಿನಲ್ಲಿ ಸಮನಾದರು. ಅವರು ತಮ್ಮೊಳಗೆ ಮತ್ತೆ ಸೆಣಸಲು ಒಪ್ಪಲಿಲ್ಲ. ನಿಶಿದಾನಿಗೆ ಬೆಳ್ಳಿ, ಓಎಗೆ ಕಂಚು ಎಂದು ಗೊತ್ತಾಯಿತು. ಊರಿಗೆ ಮರಳಿದ ಮೇಲೆ ಅವರು ಅಕ್ಕಸಾಲಿಗನ ಕೈಯಲ್ಲಿ ಎರಡೂ ಪದಕಗಳನ್ನು ನಡುವೆ ಕತ್ತರಿಸಿ, ಅರ್ಧ ಬೆಳ್ಳಿಗೆ ಅರ್ಧ ಕಂಚು ಬೆಸೆಸಿಕೊಂಡರು. ಅವು ಇಂದಿಗೂ ಗೆಳೆತನದ ಪದಕಗಳೆಂದೇ ಹೆಸರಾಗಿವೆ. ಓಎ 1941ರ ಡಿಸೆಂಬರಿನಲ್ಲಿ ಯುದ್ಧದಲ್ಲಿ ಮಡಿದ.

ಅದೇ ಯುದ್ಧ ಇನ್ನೊಬ್ಬನ ಪದಕವನ್ನೂ ಕಿತ್ತುಕೊಂಡಿತು. ಅಮೆರಿಕದ ಕಾರ್ನೆಲಿಯಸ್ ವಾರ್ಮರ್‌ಡಾಂ 1940ರ ಏಪ್ರಿಲಿನಲ್ಲಿ 15 ಅಡಿ, ಅಂದರೆ 4.57 ಮೀಟರು ದಾಟಿದ ಮೊದಲ ಮನುಷ್ಯ. 1942ರಲ್ಲಿ ಬಿದಿರಿನ ಗಳದಿಂದಲೇ 4.77 ಮೀಟರು ಹಾರಿದ. ಆ ದಾಖಲೆ 1957ರವರೆಗೆ ಅಲುಗಲಿಲ್ಲ. ಆದರೆ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆಯಲೇ ಇಲ್ಲವಾದ್ದರಿಂದ, ತನ್ನ ಕಾಲದಲ್ಲಿ ಸಾಟಿಯೇ ಇಲ್ಲದ ಈತನ ಹೆಸರು ಒಲಿಂಪಿಕ್ ವಿಜೇತರ ಪಟ್ಟಿಯಲ್ಲಿ ಇಲ್ಲ. ಪಟ್ಟಿ ನೋಡಿ ಮನುಷ್ಯನ ಬೆಲೆ ಕಟ್ಟುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಲೋಹ, ಆಮೇಲೆ ಗಾಜಿನ ನಾರು

ಯುದ್ಧದಿಂದ ಜಪಾನಿನ ಬಿದಿರು ಬರುವುದು ನಿಂತಿತು. ಉಕ್ಕು ಮತ್ತು ಅಲ್ಯುಮಿನಿಯಮಿನ ಕೊಳವೆಗಳು ಬಂದವು. ಇವು ಬಿದಿರಿನಂತೆ ಸೀಳುತ್ತಿರಲಿಲ್ಲ, ನಂಬಿಕೆಗೆ ಯೋಗ್ಯವಾಗಿದ್ದವು. ಬಾಬ್ ರಿಚರ್ಡ್ಸ್ ಎಂಬ ಪಾದ್ರಿ 1952ರಲ್ಲಿ ಹೆಲ್ಸಿಂಕಿಯಲ್ಲಿ 4.55, 1956ರಲ್ಲಿ ಮೆಲ್ಬರ್ನಿನಲ್ಲಿ 4.56 ಮೀಟರು ಹಾರಿ ಎರಡು ಸಲ ಚಿನ್ನ ಗೆದ್ದ. 1960ರಲ್ಲಿ ಡಾನ್ ಬ್ರಾಗ್ ಲೋಹದ ಗಳದಿಂದ 4.80 ಮೀಟರಿನ ವಿಶ್ವದಾಖಲೆ ಮಾಡಿ, ರೋಮಿನಲ್ಲಿ 4.70 ಮೀಟರಿಗೆ ಚಿನ್ನ ಪಡೆದ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 1942ರ 4.77ರಿಂದ 1960ರ 4.80ಕ್ಕೆ ಬರಲು 18 ವರ್ಷ ಹಿಡಿಯಿತು. ಗಳಿಕೆ 3 ಸೆಂಟಿಮೀಟರು. ಮುಂದಿನ ಮೂರೇ ವರ್ಷಗಳಲ್ಲಿ, 1963ರ ಆಗಸ್ಟ್ ಹೊತ್ತಿಗೆ, ಜಾನ್ ಪೆನಲ್ 5.20 ಮೀಟರು ದಾಟಿದ್ದ. ಗಳಿಕೆ 40 ಸೆಂಟಿಮೀಟರು. ಮನುಷ್ಯ ಜಾತಿ ಮೂರು ವರ್ಷದಲ್ಲಿ ಇಷ್ಟು ಬಲಿಷ್ಠವಾಯಿತೇ? ಇಲ್ಲ. ಬದಲಾದದ್ದು ಗಳ. ಗಾಜನ್ನು ಎಳೆ ಎಳೆಯಾಗಿ ನೂಲಿನಂತೆ ತೆಗೆದು, ಅಂಟಿನಲ್ಲಿ ಅದ್ದಿ, ಸುತ್ತಿ, ಕಾಯಿಸಿ ಮಾಡಿದ ಫೈಬರ್‌ಗ್ಲಾಸ್ ಗಳ ಬಂದಿತ್ತು. 1956ರ ಮೆಲ್ಬರ್ನಿನಲ್ಲಿಯೇ ಗ್ರೀಸಿನ ಜಾರ್ಜಿಯೊಸ್ ರೂಬಾನಿಸ್ ಅಂಥ ಗಳ ಹಿಡಿದು ಕಂಚು ಗೆದ್ದಿದ್ದ. 1961ರಲ್ಲಿ ಜಾರ್ಜ್ ಡೇವಿಸ್ ಅದರಿಂದ ಮೊದಲ ವಿಶ್ವದಾಖಲೆ ಮಾಡಿದ. ಇದು ಆಟವೇ ಅಲ್ಲ, ಕವಣೆಯಿಂದ ಕಲ್ಲೆಸೆದಂತೆ ಎಂದು ಹಳಬರು ಗೊಣಗಿದರು. ಆದರೆ ಬಾಗುವ ಗಳವನ್ನು ಪಳಗಿಸುವ ಹೊಸ ವಿದ್ಯೆಯನ್ನು ಕಲಿಯಲೇಬೇಕಾಯಿತು.

ಗಳದ ಜೊತೆಗೆ ಬೀಳುವ ಜಾಗವೂ ಬದಲಾಯಿತು. ಮೊದಲು ಮರಳು, ಮರದ ಹೊಟ್ಟು. 4 ಮೀಟರಿನಿಂದ ಬಿದ್ದವನು ಕಾಲೂರಿಯೇ ಇಳಿಯಬೇಕು. ಫೋಮ್ ತುಂಬಿದ ದಪ್ಪ ಮೆತ್ತೆ ಬಂದ ಮೇಲೆ ಬೆನ್ನ ಮೇಲೆ ಬೀಳಬಹುದಾಯಿತು. ಮೆತ್ತೆ ಇಲ್ಲದಿದ್ದರೆ ಹೊಸ ಗಳ ಕೊಟ್ಟ ಎತ್ತರ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ.

1964ರ ಟೋಕಿಯೋ ಕೂಟದಲ್ಲಿ ಫ್ರೆಡ್ ಹ್ಯಾನ್ಸನ್ 5.10 ಮೀಟರಿಗೆ ಗೆದ್ದ. 1968ರಲ್ಲಿ ಮೆಕ್ಸಿಕೋದಲ್ಲಿ ಮೂವರು 5.40 ಮೀಟರಿನಲ್ಲಿ ಸಮನಾಗಿ, ತಪ್ಪುಗಳ ಲೆಕ್ಕದಿಂದ ಅಮೆರಿಕದ ಬಾಬ್ ಸೀಗ್ರನ್ನನಿಗೆ ಚಿನ್ನ ಸಿಕ್ಕಿತು. 1906ರ ನಡುವಣ ಕೂಟವನ್ನು ಬಿಟ್ಟರೆ 1896ರಿಂದ 1968ರವರೆಗೆ ಹದಿನಾರು ಒಲಿಂಪಿಕ್ ಕೂಟಗಳಲ್ಲಿ ಈ ಚಿನ್ನ ಅಮೆರಿಕವನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ.

ಹದಿನೇಳನೆಯದರಲ್ಲಿ ಹೋಯಿತು, ಅದೂ ಗಳದ ಜಗಳದಲ್ಲಿ. 1972ರ ಮ್ಯೂನಿಚ್ ಕೂಟಕ್ಕೆ ಸೀಗ್ರನ್ ಹೊಸ ಮಾದರಿಯ ಗಳದೊಡನೆ ಬಂದಿದ್ದ. ಆ ಗಳ ಎಲ್ಲ ದೇಶದವರಿಗೂ ಸಾಕಷ್ಟು ಮುಂಚಿತವಾಗಿ ದೊರೆತಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ನಿಷೇಧಿಸಿದರು. ನಡುವೆ ನಿಷೇಧ ತೆಗೆದರು. ಕೊನೆಯ ಗಳಿಗೆಯಲ್ಲಿ ಮತ್ತೆ ಹೇರಿದರು. ಸೀಗ್ರನ್ ತನ್ನದಲ್ಲದ ಗಳದಿಂದ 5.40 ಹಾರಿ ಎರಡನೆಯವನಾದ. ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ನಾರ್ಡ್‌ವಿಗ್ 5.50 ಮೀಟರಿಗೆ ಗೆದ್ದ. ಸ್ಪರ್ಧೆ ಮುಗಿದೊಡನೆ ಸೀಗ್ರನ್ ಆ ಗಳವನ್ನು ಒಯ್ದು ಅಧಿಕಾರಿಯೊಬ್ಬರ ಕೈಗೆ ತುರುಕಿದ. ಎಲ್ಲರಿಗೂ ಸಿಗದ ಗಳ ಒಬ್ಬನಿಗೆ ಸಿಕ್ಕರೆ ನ್ಯಾಯವೇ ಎಂಬ ಅಧಿಕಾರಿಗಳ ಪ್ರಶ್ನೆ ಒಳ್ಳೆಯದೇ. ಕೊನೆಯ ಗಳಿಗೆಯಲ್ಲಿ ಗಳ ಕಸಿದರೆ ನ್ಯಾಯವೇ ಎಂಬ ಸೀಗ್ರನ್ನನ ಪ್ರಶ್ನೆಯೂ ಅಷ್ಟೇ ಒಳ್ಳೆಯದು.

ಬುಬ್ಕಾನಿಂದ ಡುಪ್ಲಾಂಟಿಸ್‌ವರೆಗೆ

1983ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಅಥ್ಲೆಟಿಕ್ ಕೂಟ ಮೊದಲ ಬಾರಿಗೆ ನಡೆಯಿತು. ಕೋಲುಜಿಗಿತದಲ್ಲಿ 5.70 ಮೀಟರಿಗೆ ಗೆದ್ದವನು ಹತ್ತೊಂಬತ್ತು ವರ್ಷದ, ಹೆಸರು ಕೇಳರಿಯದ ಹುಡುಗ, ಆಗಿನ ಸೋವಿಯತ್ ಒಕ್ಕೂಟದ ಸರ್ಗೇಯ್ ಬುಬ್ಕಾ. ಅಲ್ಲಿಂದ 1997ರವರೆಗೆ ನಡೆದ ಆರು ವಿಶ್ವಕೂಟಗಳಲ್ಲಿ ಆರನ್ನೂ ಅವನೇ ಗೆದ್ದ. 1985ರ ಜುಲೈ 13ರಂದು ಪ್ಯಾರಿಸ್ಸಿನಲ್ಲಿ 6 ಮೀಟರು ದಾಟಿದ ಮೊದಲಿಗನಾದ. ಬಯಲಿನಲ್ಲಿ 17, ಒಳಾಂಗಣದಲ್ಲಿ 18, ಒಟ್ಟು 35 ವಿಶ್ವದಾಖಲೆಗಳು ಅವನವು. ಬಹಳ ಸಲ ಒಂದೊಂದೇ ಸೆಂಟಿಮೀಟರು ಏರಿಸುತ್ತ ಹೋದ. ಇತರರಿಗಿಂತ ಗಟ್ಟಿಯಾದ ಗಳವನ್ನು, ಇತರರಿಗಿಂತ ಮೇಲೆ ಹಿಡಿದು, ಇತರರಿಗಿಂತ ವೇಗವಾಗಿ ಓಡಿಬರುವುದೇ ಅವನ ಗುಟ್ಟು. ಅಂದರೆ ಒಳ್ಳೆಯ ಗಳ ಎಲ್ಲರಿಗೂ ಸಿಕ್ಕುವಂತಾದ ಮೇಲೆ ಮತ್ತೆ ಮನುಷ್ಯನ ಜಮೆಯೇ ಮುಖ್ಯವಾಯಿತು.

ಇಂಥವನಿಗೂ ಒಲಿಂಪಿಕ್ ಚಿನ್ನ ದಕ್ಕಿದ್ದು ಒಂದೇ ಸಲ, 1988ರಲ್ಲಿ ಸೋಲ್ ನಗರದಲ್ಲಿ. 1992ರ ಬಾರ್ಸಿಲೋನಾದಲ್ಲಿ ಒಂದೂ ಎತ್ತರ ದಾಟದೆ ಹೊರಬಿದ್ದ. ಮೂರು ತಪ್ಪಿನ ಕಟ್ಟಳೆ ದೊಡ್ಡವನು ಚಿಕ್ಕವನು ಎಂದು ನೋಡುವುದಿಲ್ಲ.

ಅವನ 6.15 ಮೀಟರಿನ ಒಳಾಂಗಣ ದಾಖಲೆಯನ್ನು 2014ರಲ್ಲಿ ಫ್ರಾನ್ಸಿನ ರೆನೋ ಲಾವಿಲೆನಿ ಒಂದು ಸೆಂಟಿಮೀಟರಿನಿಂದ ಮುರಿದ. 2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಆರ್ಮಂಡ್ ಡುಪ್ಲಾಂಟಿಸ್ 6.17 ದಾಟಿದ. ಅವನು ಟೋಕಿಯೋದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ ಕೂಟವನ್ನೂ, 2024ರ ಪ್ಯಾರಿಸ್ ಕೂಟವನ್ನೂ ಗೆದ್ದು ಪಾದ್ರಿ ರಿಚರ್ಡ್ಸನ ಎರಡು ಚಿನ್ನಗಳ ಸಾಲಿಗೆ ಬಂದ. ಪ್ಯಾರಿಸ್ಸಿನಲ್ಲಿ 6.25, 2025ರ ಸೆಪ್ಟೆಂಬರಿನಲ್ಲಿ ಟೋಕಿಯೋ ವಿಶ್ವಕೂಟದಲ್ಲಿ 6.30 ಮೀಟರು, ಎಂದರೆ 20 ಅಡಿ 8 ಅಂಗುಲ. ಎರಡಂತಸ್ತಿನ ಮನೆಯ ಗಚ್ಚಿನ ಮೇಲೆ ನಿಂತವನಿಗೆ ಎದುರಾಬದುರಾಗಿ ಬಂದು ಹೋಗುವ ಎತ್ತರ ಅದು.

ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು

ಗಂಡಸರು 1896ರಲ್ಲಿ ಆರಂಭಿಸಿದ ಆಟಕ್ಕೆ ಹೆಂಗಸರಿಗೆ ಒಲಿಂಪಿಕ್ ಬಾಗಿಲು ತೆರೆದದ್ದು 2000ದಲ್ಲಿ. ನೂರನಾಲ್ಕು ವರ್ಷ ತಡ. ತೋಳಿನ ಬಲ ಸಾಲದು ಎಂಬ ಮಾತು ಬಹಳ ಕಾಲ ನಡೆಯಿತು. ಅಮೆರಿಕದ ಸ್ಟೇಸಿ ಡ್ರಾಗಿಲಾ 1999ರ ಸೆವಿಲ್ ವಿಶ್ವಕೂಟದಲ್ಲಿಯೂ ಮರುವರ್ಷ ಸಿಡ್ನಿ ಒಲಿಂಪಿಕ್ ಕೂಟದಲ್ಲಿಯೂ 4.60 ಮೀಟರು ದಾಟಿ ಆ ಮಾತಿಗೆ ಉತ್ತರ ಕೊಟ್ಟಳು. 2005ರಲ್ಲಿ ರಷ್ಯದ ಯೆಲೆನಾ ಇಸಿನ್‌ಬಾಯೆವಾ 5 ಮೀಟರು ದಾಟಿದ ಮೊದಲ ಮಹಿಳೆಯಾದಳು. 2009ರಲ್ಲಿ ಅದನ್ನು 5.06ಕ್ಕೆ ಏರಿಸಿದಳು. ಗಾಜಿನ ನಾರಿನ ಗಳಕ್ಕೆ ಮೊದಲಿನ ಕಾಲದಲ್ಲಿ ಇದು ಗಂಡಸರಿಗೂ ಕನಸಾಗಿದ್ದ ಎತ್ತರ.

ಪನವೇಲದ ಸುದ್ದಿಗೆ ಹತ್ತಿರವಾದ ಘಟನೆಯೊಂದು ಇದೇ ವಿಭಾಗದಲ್ಲಿ ನಡೆದಿದೆ. 2008ರ ಬೀಜಿಂಗ್ ಒಲಿಂಪಿಕ್ಕಿನ ಅಂತಿಮ ಸ್ಪರ್ಧೆಯಲ್ಲಿ ಬ್ರೆಜಿಲ್ಲಿನ ಫಬಿಯಾನಾ ಮುರೆರ್‌ಗೆ, ಪಟ್ಟಿ ಏರಿಸಿದಾಗ ಬೇಕಾದ ಗಳವೇ ಸಿಗಲಿಲ್ಲ. ಮೈದಾನವೆಲ್ಲ ಹುಡುಕಾಡಿದಳು, ಕೊನೆಗೆ ಒಗ್ಗದ ಗಳದಿಂದ ಹಾರಿ ಹಿಂದೆ ಬಿದ್ದಳು. ಅದೇ ಮಹಿಳೆ 2011ರಲ್ಲಿ ದೇಗು ವಿಶ್ವಕೂಟದಲ್ಲಿ, ಗಳಗಳು ಕೈಯಲ್ಲಿದ್ದಾಗ, 4.85 ಮೀಟರಿಗೆ ಚಿನ್ನ ಗೆದ್ದಳು. ಗಳ ಸಿಕ್ಕುವುದಕ್ಕೂ ಸಿಕ್ಕದಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಪ್ರಶ್ನೆಯ ಉಳಿದರ್ಧ ಉತ್ತರವೂ ಇದೇ.

2023ರ ಬುಡಾಪೆಸ್ಟ್ ವಿಶ್ವಕೂಟದಲ್ಲಿ ಆಸ್ಟ್ರೇಲಿಯಾದ ನೀನಾ ಕೆನಡಿ ಮತ್ತು ಅಮೆರಿಕದ ಕೇಟಿ ಮೂನ್ 4.90 ಮೀಟರಿನಲ್ಲಿ ಸಮನಾಗಿ, ಮತ್ತೆ ಸೆಣಸದೆ ಚಿನ್ನವನ್ನು ಹಂಚಿಕೊಂಡರು. ಈ ಸಲ ಪದಕ ಕತ್ತರಿಸಬೇಕಾಗಲಿಲ್ಲ. ಇಬ್ಬರಿಗೂ ಇಡಿಯದೇ ಸಿಕ್ಕಿತು.

ನಮ್ಮವರು ಎಲ್ಲಿದ್ದಾರೆ?

ಏಷ್ಯದವರಿಗೆ ಈ ಆಟ ಬಾರದು ಎನ್ನುವವರಿಗೆ ನಿಶಿದಾ, ಓಎ ಆಗಲೇ ಉತ್ತರ ಕೊಟ್ಟಿದ್ದಾರೆ. ಅವರ ನಂತರ 2023ರಲ್ಲಿ ಫಿಲಿಪೈನ್ಸಿನ ಅರ್ನೆಸ್ಟ್ ಜಾನ್ ಒಬಿಯೆನಾ 6 ಮೀಟರು ದಾಟಿದ ಮೊದಲ ಏಷ್ಯದವನಾಗಿ, ಅದೇ ವರ್ಷ ಬುಡಾಪೆಸ್ಟಿನಲ್ಲಿ ಬೆಳ್ಳಿಯನ್ನೂ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನವನ್ನೂ ಪಡೆದ.

ಭಾರತದಲ್ಲಿ 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ತಮಿಳುನಾಡಿನ ಎಸ್. ಶಿವ 5.31 ಮೀಟರು ಹಾರಿದ್ದರು. 2025ರ ಫೆಬ್ರವರಿಯಲ್ಲಿ ದೆಹರಾದೂನಿನಲ್ಲಿ ದೇವ್ ಮೀನಾ 5.32, ಏಪ್ರಿಲಿನಲ್ಲಿ ಕೊಚ್ಚಿಯಲ್ಲಿ 5.35, ಜುಲೈನಲ್ಲಿ ಜರ್ಮನಿಯ ವಿಶ್ವ ವಿಶ್ವವಿದ್ಯಾಲಯ ಕೂಟದಲ್ಲಿ 5.40 ದಾಟಿದರು. ಈ 5.40 ಎಂಬ ಅಂಕಿಯನ್ನು ಮೇಲೆ ಒಮ್ಮೆ ಓದಿದ್ದೇವೆ. 1968ರಲ್ಲಿ ಮೆಕ್ಸಿಕೋದಲ್ಲಿ ಚಿನ್ನ ತಂದ ಎತ್ತರವೇ ಅದು. ನಡುವೆ 57 ವರ್ಷಗಳ ಅಂತರ. ಈ ಅಂತರ ನಮ್ಮ ಹುಡುಗರ ಎದೆಗಾರಿಕೆಯದಲ್ಲ. ಗಳ, ಮೆತ್ತೆ, ಕಲಿಸುವವರು ಈ ಮೂರರ ಕೊರತೆಯದು ಎಂದು ನನಗೆ ತೋರುತ್ತದೆ.

ಏಕೆಂದರೆ ಈ ಆಟಕ್ಕೆ ಬೇಕಾದ ಮೈಯ ವಿದ್ಯೆ ನಮ್ಮ ನೆಲದಲ್ಲಿಯೇ ಇದೆ. ಗಳದ ಮೇಲೆ ತೂಗಿ ತಲೆಕೆಳಗಾಗುವುದು, ತೋಳಿನಿಂದ ಮೈಯನ್ನು ಸೆಳೆದು ತಿರುಗಿಸುವುದು, ಇವು ಮಲ್ಲಕಂಬದ ಹುಡುಗರಿಗೆ ದಿನನಿತ್ಯದ ಪಾಠ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಹನ್ನೆರಡನೆಯ ಶತಮಾನದಲ್ಲಿಯೇ, ಮಲ್ಲಸ್ತಂಭದ ಮಾತು ಬರುತ್ತದೆ. ಎರಡನೆಯ ಬಾಜೀರಾಯ ಪೇಶ್ವೆಯ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಹೊಸ ಜೀವ ಕೊಟ್ಟರು. 1936ರಲ್ಲಿ, ನಿಶಿದಾ ಮತ್ತು ಓಎ ಹಾರಿದ ಅದೇ ಬರ್ಲಿನ್ನಿಗೆ, ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಹೋಗಿ ಭಾರತದ ವ್ಯಾಯಾಮಗಳನ್ನು ತೋರಿಸಿ ಬಂದರು. ಕನ್ನಡ ನಾಡಿಗೂ ಮರಾಠಿ ನಾಡಿಗೂ ಸೇರಿದ ಈ ವಿದ್ಯೆ ಗೊತ್ತಿದ್ದ ಹುಡುಗನಿಗೆ ಓಟ ಮತ್ತು ಗಳ ಊರುವ ಕ್ರಮ ಕಲಿಸಿದರೆ ಅರ್ಧ ದಾರಿ ಸಾಗಿದಂತೆಯೇ.

ಉಳಿದರ್ಧಕ್ಕೆ ಖರ್ಚು ಬೇಕು. ಒಬ್ಬೊಬ್ಬ ಹುಡುಗನೂ ಗಳ ಕೊಳ್ಳಲಾರ. ಆದರೆ ಜಿಲ್ಲೆಗೊಂದು ಮೆತ್ತೆ, ಬೇರೆ ಬೇರೆ ತೂಕದವರಿಗೆ ಒಗ್ಗುವ ಹತ್ತಾರು ಗಳಗಳನ್ನು ಒಂದು ಕಡೆ ಇಟ್ಟು, ವಾಚನಾಲಯದ ಪುಸ್ತಕದಂತೆ ಹೆಸರು ಬರೆಸಿ ಕೊಟ್ಟು, ಹಿಂದಕ್ಕೆ ಪಡೆದರೆ ಹಲವರು ಕಲಿಯಬಹುದು. ಒಬ್ಬನಿಗೆ ಹಗುರವಾಗಿ ಬಿಟ್ಟ ಗಳ ಅವನ ತಮ್ಮನಿಗೆ ಸರಿಹೋಗುತ್ತದೆ. ರೈಲಿನಲ್ಲಿ ಅವುಗಳನ್ನು ಒಯ್ಯಲು ಒಂದು ನಿಶ್ಚಿತ ಕ್ರಮ, ಒಂದು ಚೀಟಿ ಇದ್ದರೆ ನಿಲ್ದಾಣದ ಸಿಬ್ಬಂದಿಗೂ ತೊಂದರೆ ಇಲ್ಲ, ಹುಡುಗರಿಗೂ ಇಲ್ಲ. ಇದೇನೂ ದೊಡ್ಡ ಬೇಡಿಕೆಯಲ್ಲ.

ಕೊನೆಗೆ ಎಳೆಯ ವಾಚಕರಿಗೆ ಒಂದು ಮಾತು. ಪೈಠಣದಲ್ಲಿ ಗೋದಾವರಿಯ ದಂಡೆ ಇದೆ, ಮರಳಿದೆ, ಬುರುಡರ ಅಂಗಡಿಯಲ್ಲಿ ಬಿದಿರೂ ಸಿಕ್ಕುತ್ತದೆ. ಡುಪ್ಲಾಂಟಿಸನ ಜಿಗಿತವನ್ನು ಮೊಬೈಲಿನಲ್ಲಿ ನೋಡಿ ನಾಳೆಯೇ ಹಾರಿ ನೋಡೋಣ ಎನಿಸಬಹುದು. ಒಣಗಿದ ಬಿದಿರು ಸೀಳಿದರೆ ಅದು ಈಟಿಯಂತೆ ಚುಚ್ಚುತ್ತದೆ. ತಲೆಕೆಳಗಾಗಿ ಮರಳಿನ ಮೇಲೆ ಬಿದ್ದರೆ ಕುತ್ತಿಗೆಗೆ ಅಪಾಯ. ಪಟ್ಟಿ ಕಟ್ಟಿ ಎತ್ತರ ಹಾರುವ ಸಾಹಸ ಬೇಡ. ಈಗ ಓಡುವುದನ್ನು ಕಲಿಯಿರಿ, ಹಗ್ಗ ಹತ್ತುವುದನ್ನು ಕಲಿಯಿರಿ, ಮಲ್ಲಕಂಬದ ಗುರುಗಳು ಸಿಕ್ಕರೆ ಅವರ ಬಳಿ ಹೋಗಿರಿ. ಇವು ಯಾವುದಕ್ಕೂ ಹೊರದೇಶದ ಸಾಮಾನು ಬೇಡ. ಇಷ್ಟು ಜಮಾ ನಿಮ್ಮ ಕಡೆ ಕೂಡಿದ ಮೇಲೆ ಗಳವನ್ನು ಒದಗಿಸುವ ಹೊಣೆ ಹಿರಿಯರಾದ ನಮ್ಮದು.